ಬಯಲ ಬೆಳಕಿನಲ್ಲಿ ಹತ್ತನೇ ತರಗತಿ

ನಮ್ಮ ಶಾಲೆಯ ಹತ್ತನೇ ತರಗತಿಯ ಗುಂಪು ಫೋಟೋಗಳನ್ನು ವರ್ಷವಾರು ಜೋಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಒಂದೂ ಕೊಠಡಿಯೊಳಗೆ ತೆಗೆದದ್ದಲ್ಲ. ಎಲ್ಲವೂ ಅಂಗಳದಲ್ಲಿ, ಕಟ್ಟಡದ ಮುಂದೆ ಅಥವಾ ಬೇವಿನ ಮರದ ಪಕ್ಕದಲ್ಲಿ ತೆಗೆದವು. ಈ ಸ್ಮರಣ ಸಂಚಿಕೆಗಾಗಿ ಅವನ್ನು ಸ್ಕ್ಯಾನ್ ಮಾಡುವ ಕೆಲಸ, ಕಂಪ್ಯೂಟರ್ ಬಲ್ಲವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ಬಯಲಿನಲ್ಲೇ ಏಕೆ ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಫೋಟೋಗ್ರಫಿ ಹುಟ್ಟಿದ್ದೇ ಬಿಸಿಲಿನಲ್ಲಿ. 1839ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಒಂದು ಚಿತ್ರಕ್ಕೆ ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಮರುವರ್ಷ, 1840ರಲ್ಲಿ, ಟೆಲಿಗ್ರಾಫ್‌ನಿಂದ ಹೆಸರಾದ ಅಮೆರಿಕದ ಸ್ಯಾಮುಯೆಲ್ ಮೋರ್ಸ್ ಯೇಲ್ ಕಾಲೇಜಿನ ತನ್ನ 1810ನೇ ಸಾಲಿನ ಸಹಪಾಠಿಗಳನ್ನು ಕೂಡಿಸಿ ಚಿತ್ರ ತೆಗೆದನು. ಓದು ಮುಗಿಸಿ ಮೂವತ್ತು ವರ್ಷವಾಗಿದ್ದ ಹಳೆಯ ವಿದ್ಯಾರ್ಥಿಗಳ ಚಿತ್ರವದು. 1851ರಲ್ಲಿ ಆರ್ಚರ್‌ನ ಒದ್ದೆ ಗಾಜಿನ ಪ್ಲೇಟು, 1871ರಲ್ಲಿ ಮ್ಯಾಡಾಕ್ಸ್‌ನ ಒಣ ಪ್ಲೇಟು ಬಂದವು. ಕಾಯುವ ಹೊತ್ತು ನಿಮಿಷಗಳಿಂದ ಸೆಕೆಂಡುಗಳಿಗೆ, ಮುಂದೆ ಸೆಕೆಂಡಿನ ಭಾಗಕ್ಕೆ ಇಳಿಯಿತು. ಅಮೆರಿಕದಲ್ಲಿ ಶಾಲೆ ಬಿಡುವ ಪ್ರತಿಯೊಬ್ಬರಿಗೂ ಒಂಟಿ ಚಿತ್ರ ತೆಗೆಸುವ ಪದ್ಧತಿ ಬೆಳೆಯಿತು. ನಮ್ಮಲ್ಲಿ ಬೆಳೆದದ್ದು ಗುಂಪು ಫೋಟೋ. ಒಂದೇ ನೆಗೆಟಿವ್‌ನಲ್ಲಿ ಇಡೀ ತರಗತಿ ಮುಗಿಯುತ್ತಿದ್ದುದರಿಂದ ಖರ್ಚು ಕಡಿಮೆ.

ನಮ್ಮ ಶಾಲೆ ಶುರುವಾಗುವ ಕಾಲಕ್ಕೆ ಫಿಲಂ ಎಷ್ಟೋ ಸುಧಾರಿಸಿತ್ತು. ಆದರೂ ಬಯಲು ಬಿಡುವಂತಿರಲಿಲ್ಲ. ಮೂರು ನಾಲ್ಕು ಸಾಲುಗಳಲ್ಲಿ ನಿಂತವರೆಲ್ಲರ ಮುಖ ಸ್ಪಷ್ಟವಾಗಿ ಬರಬೇಕಾದರೆ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬೇಕು. ಕಿಂಡಿ ಕಿರಿದಾದರೆ ಒಳಗೆ ಬರುವ ಬೆಳಕೂ ಕಡಿಮೆ. ತರಗತಿಯ ಕೋಣೆಯೊಳಗಾದರೆ ಸುಮಾರು ಒಂದು ಸೆಕೆಂಡು ಎಲ್ಲರೂ ಅಲುಗಾಡದೆ ನಿಲ್ಲಬೇಕಾದೀತು. ಹತ್ತನೇ ತರಗತಿಯ ಹುಡುಗರಿಂದ ಅದು ಆಗುವ ಮಾತೇ? ಹೊರಗಿನ ನೆರಳಿನಲ್ಲಿ ಅದೇ ಕೆಲಸಕ್ಕೆ ಸೆಕೆಂಡಿನ ಅರವತ್ತರಲ್ಲಿ ಒಂದು ಭಾಗ ಸಾಕು.

ಬಯಲೆಂದ ಮಾತ್ರಕ್ಕೆ ಎಲ್ಲ ಹೊತ್ತೂ ಒಂದೇ ಅಲ್ಲ. ನಡುಹಗಲಿನ ಬಿಸಿಲಿಗೆ ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಮರದ ಅಡಿಯಲ್ಲಿ ಎಲೆಗಳ ಸಂದಿನಿಂದ ಇಳಿದ ಬಿಸಿಲು ಬಿಳಿ ಅಂಗಿಗಳ ಮೇಲೆ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಅದಕ್ಕೇ ಪೇಟೆಯಿಂದ ಬರುತ್ತಿದ್ದ ಸ್ಟುಡಿಯೋದವರು ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ, ಕಟ್ಟಡದ ನೆರಳು ಅಂಗಳದ ಮೇಲೆ ಚಾಚಿಕೊಂಡಿರುವಾಗಲೇ ಫೋಟೋ ಮುಗಿಸುತ್ತಿದ್ದರಂತೆ.

ಹಿರಿಯ ವಿದ್ಯಾರ್ಥಿಗಳು ಹೇಳುವಂತೆ ಆ ದಿನ ಹಬ್ಬದ ಗದ್ದಲವಿರುತ್ತಿತ್ತು. ಜವಾನರು ಕುರ್ಚಿಗಳನ್ನು ಹೊರಗೆ ತಂದು ಹಾಕುತ್ತಿದ್ದರು. ನಡುವೆ ಮುಖ್ಯೋಪಾಧ್ಯಾಯರು, ಎರಡೂ ಬದಿಗೆ ಗುರುಗಳು. ಮುಂದೆ ಜಮಖಾನದ ಮೇಲೆ ಕುಳಿತವರು, ಹಿಂದೆ ನಿಂತವರು, ಅವರ ಹಿಂದೆ ಬೆಂಚು ಹತ್ತಿದವರು. ಸ್ಟ್ಯಾಂಡಿನ ಮೇಲೆ ಎರಡು ಕಣ್ಣಿನ ಯಾಶಿಕಾ ಕ್ಯಾಮೆರಾ. ಅದನ್ನು ಮೇಲಿನಿಂದ ಬಗ್ಗಿ ನೋಡಬೇಕು. ಒಳಗೆ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಒಂದು ರೋಲಿಗೆ ಹನ್ನೆರಡೇ ಚೌಕ ಚಿತ್ರ. ಯಾರಾದರೂ ಕಣ್ಣು ಮುಚ್ಚಿಯಾರೆಂದು ಎರಡು ಮೂರು ಬಾರಿ ತೆಗೆಯುತ್ತಿದ್ದರು, ಅಷ್ಟೇ. ಆಗ ಪೂರ್ವ ಜರ್ಮನಿಯ ಓರ್ವೋ ಫಿಲಂ ಹಾಗೂ 1960ರಲ್ಲಿ ಸ್ಥಾಪನೆಯಾದ ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲಂಸ್‌ನ ಇಂದು ಫಿಲಂ ಬಳಕೆಯಲ್ಲಿದ್ದವು.

ಪ್ರತಿಗೆ ಹಣ ಕೊಡಲಾಗದವರೂ ಆ ಸಾಲಿನಲ್ಲಿ ನಿಲ್ಲಬಹುದಿತ್ತು. ಇದು ಬಯಲಿನ ಗುಂಪು ಫೋಟೋದ ದೊಡ್ಡ ಗುಣವೆಂದು ನನಗನಿಸುತ್ತದೆ. ಸ್ಟುಡಿಯೋದ ಮೆಟ್ಟಿಲು ಹತ್ತಲಾರದ ಮನೆಗಳ ಮಕ್ಕಳ ಮುಖವೂ ಹೀಗೆ ಉಳಿಯಿತು. ಹತ್ತನೇ ತರಗತಿಗೇ ಓದು ನಿಲ್ಲಿಸಿ ಮದುವೆಯಾಗಿ ಹೋದ ಎಷ್ಟೋ ಅಕ್ಕಂದಿರಿಗೆ ವಿದ್ಯಾರ್ಥಿನಿಯಾಗಿದ್ದುದಕ್ಕೆ ಇರುವ ಚಿತ್ರ ಇದೊಂದೇ. ಆ ದಿನ ಕೂಲಿಗೋ ಕುಯಿಲಿಗೋ ಹೋಗಿದ್ದವರು ಮಾತ್ರ ಅದರಲ್ಲಿಲ್ಲ.

2004ರಲ್ಲಿ ನಮ್ಮ ಬ್ಯಾಚಿನ ಫೋಟೋ ಬಣ್ಣದ ಫಿಲಂನಲ್ಲಿತ್ತು. ಈಗ ಬೀಳ್ಕೊಡುಗೆಯ ದಿನ ಮಕ್ಕಳು ಗುಲ್‌ಮೊಹರ್ ಮರದ ಕೆಳಗೆ ಒಬ್ಬೊಬ್ಬರಾಗಿ ನಿಂತು ಮೊಬೈಲಿನಲ್ಲಿ ತೆಗೆಸಿಕೊಳ್ಳುತ್ತಾರೆ. ಒಂಟಿ ಚಿತ್ರ ನಮ್ಮ ಅಂಗಳಕ್ಕೂ ಬಂದಿದೆ, ಸಂತೋಷವೇ. ಆದರೆ ಸ್ಕ್ಯಾನ್ ಮಾಡುವಾಗ ಕಂಡದ್ದು ಬೇರೆ. ಕಪ್ಪು ಬಿಳುಪಿನ ಹಳೆಯ ಚಿತ್ರಗಳು ಇನ್ನೂ ಸ್ಪಷ್ಟವಾಗಿವೆ, ಏಕೆಂದರೆ ಅವು ಬೆಳ್ಳಿಯ ಕಣಗಳಿಂದ ಮೂಡಿದವು. ನಂತರದ ಬಣ್ಣದ ಚಿತ್ರಗಳು ಕೆಂಪಾಗಿ ಮಾಸುತ್ತಿವೆ. ಇತ್ತೀಚಿನ ಕೆಲವು ವರ್ಷಗಳ ಚಿತ್ರಗಳು ಶಾಲೆಯಲ್ಲಿ ಇಲ್ಲವೇ ಇಲ್ಲ. ಫೋನು ಬದಲಾದಾಗ ಅವೂ ಹೋದವು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಲ್ಲವೂ ಇವೆ, ಮುಖವಿಲ್ಲ. ಫೋಟೋದಲ್ಲಿ ಮುಖಗಳಿವೆ, ಹೆಸರಿಲ್ಲ. ಕುರ್ಚಿಯಲ್ಲಿ ಕುಳಿತ ಗುರುಗಳನ್ನು ಗುರುತಿಸುವವರು ಸಿಗುತ್ತಾರೆ. ಬೆಂಚಿನ ಮೇಲೆ ನಿಂತ ಕೊನೆಯ ಸಾಲಿನ ಹುಡುಗ ಯಾರೆಂದು ಹೇಳಬಲ್ಲವರು ಅವನ ಜೊತೆ ಓದಿದವರು ಮಾತ್ರ. ಮೊದಲ ಬ್ಯಾಚಿನವರಿಗೆ ಈಗ ಅರವತ್ತು ದಾಟಿದೆ. ಈ ಎರಡು ದಾಖಲೆಗಳನ್ನು ಕೂಡಿಸಲು ಯಾವ ಸಾಫ್ಟ್‌ವೇರಿನಿಂದಲೂ ಆಗದು. ಅದಕ್ಕೆ ನಿಮ್ಮ ನೆನಪೇ ಬೇಕು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿರುವ ಗುಂಪು ಫೋಟೋದ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ, ಸಾಲುವಾರು ಹೆಸರುಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂಬದಿಗೆ ಮೂಡುತ್ತದೆ. ಆ ದಿನ ಬಾರದಿದ್ದ ಗೆಳೆಯರ ಹೆಸರನ್ನೂ ಕೆಳಗೆ ಸೇರಿಸಿ. ಅದರ ಒಂದು ಪ್ರತಿಯನ್ನು ಶಾಲೆಗೆ ಕೊಡಿ.