ಹತ್ತೊಂಬತ್ತು ಅಂಗುಲದ ರ‍್ಯಾಕು: ಗೃಹ ಕಾರ್ಯಶಾಲೆಯಲ್ಲಿ

ವಿದ್ಯುನ್ಮಾನ ಉಪಕರಣಗಳನ್ನು ಒಂದರ ಬೆನ್ನ ಮೇಲೊಂದು ಹೇರದೆ, ಪ್ರತಿಯೊಂದನ್ನೂ ಅದರ ಮುಖಫಲಕದ ಇಕ್ಕೆಲದ ಕಿವಿಗಳಲ್ಲಿ ತಿರುಪು ಹಾಕಿ ಬಿಗಿದು ನಿಲ್ಲಿಸುವುದಕ್ಕಾಗಿ ರಚಿತವಾದ ಲೋಹಸ್ತಂಭಗಳ ಚೌಕಟ್ಟು. ಫಲಕದ ಅಗಲ 19 ಅಂಗುಲ, ಎಂದರೆ 482.6 ಮಿಲಿಮೀಟರ್, ಇರುವುದರಿಂದ ಈ ಹೆಸರು. ದೂರವಾಣಿ ಕೇಂದ್ರಗಳಲ್ಲಿ ರಿಲೇಗಳನ್ನು ಜೋಡಿಸಲು ಬಳಕೆಯಾದುದರಿಂದ ಇದನ್ನು ರಿಲೇ ರ‍್ಯಾಕು ಎಂದೂ ಕರೆಯುವುದುಂಟು. ಅಲ್ಲಿಂದ ಬಾನುಲಿ ನಿಲಯ, ಪ್ರಯೋಗಾಲಯ, ಗಣಕಕೇಂದ್ರಗಳಿಗೆ ಹಬ್ಬಿದ ಈ ಚೌಕಟ್ಟು, ಅವುಗಳಿಂದ ಹಳತಾಗಿ ಹೊರಬಿದ್ದ ಮಾಪಕಗಳ ಬೆನ್ನಹಿಂದೆಯೇ ಹವ್ಯಾಸಿಗಳ ಮನೆಯನ್ನೂ ಹೊಕ್ಕಿದೆ.

ಅಳತೆ: ಅಮೆರಿಕದ ಇಐಎ-310 ಮತ್ತು ಅಂತರರಾಷ್ಟ್ರೀಯ ಐಇಸಿ 60297 ಎಂಬ ಮಾನಕಗಳು ಇದರ ಮುಖದ ಅಳತೆಗಳನ್ನು ವಿಧಿಸಿವೆ. ಎತ್ತರದ ಮಾನಕ್ಕೆ ಯೂನಿಟ್ ಎಂದು ಹೆಸರು, ಸಂಕೇತ 'ಯು'. ಒಂದು ಯೂನಿಟ್ 1.75 ಅಂಗುಲ, ಎಂದರೆ 44.45 ಮಿಲಿಮೀಟರ್. ಪೂರ್ಣಪ್ರಮಾಣದ 42 ಯೂನಿಟ್ಟಿನ ರ‍್ಯಾಕಿನಲ್ಲಿ ಫಲಕಗಳಿಗೆ 1,867 ಮಿಲಿಮೀಟರ್ ಎತ್ತರವೂ, 12 ಯೂನಿಟ್ಟಿನದರಲ್ಲಿ 533 ಮಿಲಿಮೀಟರ್ ಎತ್ತರವೂ ದೊರೆಯುವುದು. ಪ್ರತಿ ಯೂನಿಟ್ಟಿಗೆ ಮೂರು ರಂಧ್ರಗಳುಂಟು. ಆದರೆ ಅವು ಸಮಾಂತರದಲ್ಲಿಲ್ಲ. ಕಂಬವನ್ನು ಬೆರಳಿನಿಂದ ಸವರುತ್ತ ಇಳಿದರೆ ಎರಡು ಅಗಲವಾದ ಅಂತರಗಳ ಬಳಿಕ ಒಂದು ಕಿರಿದಾದ ಅಂತರ ಸಿಗುವುದು: 15.9, 15.9, 12.7 ಮಿಲಿಮೀಟರ್. ಆ ಕಿರಿದಾದ ಅಂತರದ ನಟ್ಟನಡುವೆಯೇ ಒಂದು ಯೂನಿಟ್ ಮುಗಿದು ಇನ್ನೊಂದು ತೊಡಗುವುದೆಂಬುದನ್ನು ಅರಿಯದೆ ಒಂದು ರಂಧ್ರದಷ್ಟು ಮೇಲೆ ಕೆಳಗೆ ಮಾಡಿ ಬಿಗಿಯ ಹೊರಟವನಿಗೆ, ಕಿವಿಯ ತೂತು ಕಂಬದ ತೂತಿಗೆ ಕೂಡದೆ ಹೋಗುವುದು. ಹೇಗೋ ಕೂಡಿಸಿ ಬಿಗಿದರೂ ಪಕ್ಕದ ಸ್ಥಾನ ವ್ಯರ್ಥವಾಗುವುದು.

ಪ್ರಭೇದಗಳು: ಎರಡು ಕಂಬದ ರ‍್ಯಾಕು ಹಗುರವಾದ ಉಪಕರಣಗಳಿಗೆ ಸಾಕು, ಆದರೆ ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಬೇಕು. ಗೋಡೆಗೆ ತೂಗುಹಾಕುವ ಪೆಟ್ಟಿಗೆ ಸಾಮಾನ್ಯವಾಗಿ ಗಣಕಜಾಲದ ಸಾಧನಗಳಿಗಾಗಿ ಮಾಡಿದ್ದು, ಆಳ ಕಡಮೆ. ಬಾಗಿಲುಳ್ಳ ಬೀರು ಧೂಳನ್ನು ತಡೆದರೂ ಶಾಖವನ್ನು ಒಳಗೇ ಹಿಡಿದಿಡುವುದು. ಹಿಂಬದಿಯ ತಂತಿಗಳಿಗೆ ಪದೇಪದೇ ಕೈಹಾಕಬೇಕಾದ ಹವ್ಯಾಸಿಗೆ ನಾಲ್ಕು ಕಂಬಗಳ ತೆರೆದ ಚೌಕಟ್ಟೇ ಅನುಕೂಲ.

ಆಯ್ಕೆ: ಅಗಲವನ್ನೂ ಎತ್ತರದ ಮಾನವನ್ನೂ ಮಾನಕವೇ ಗೊತ್ತುಮಾಡಿರುವುದರಿಂದ, ಕೊಳ್ಳುವವನ ವಿವೇಚನೆಗೆ ಉಳಿಯುವುವು ಆಳ, ಭಾರ, ಗಾಳಿ ಎಂಬ ಮೂರೇ. ರ‍್ಯಾಕು ಎಷ್ಟು ಯೂನಿಟ್ಟಿನದೆಂದು ಮೊದಲು ಕೇಳುವುದು ವಾಡಿಕೆ. ಎಷ್ಟು ಆಳವೆಂದು ಕೇಳುವುದು ವಿವೇಕ. ಉಪಕರಣದ ಆಳವನ್ನು ಕಿವಿಯ ಹಿಂಬದಿಯಿಂದ ಅಳೆದು, ಹಿಂದೆ ಚಾಚಿಕೊಳ್ಳುವ ಪ್ಲಗ್ಗು, ಕೇಬಲ್ಲುಗಳ ತಿರುವು ಇವಕ್ಕಾಗಿ ಮತ್ತೆ ಸುಮಾರು 100 ಮಿಲಿಮೀಟರ್ ಕೂಡಿಸಿಕೊಳ್ಳತಕ್ಕದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಾಗಲಿ ಗುಜರಿಯಲ್ಲಾಗಲಿ ಹಳೆಯ ರ‍್ಯಾಕನ್ನು ನೋಡುವವನು ಅಳತೆಯ ಟೇಪಿನೊಡನೆ ಒಂದೆರಡು ತಿರುಪುಗಳನ್ನೂ ಕೊಂಡೊಯ್ಯುವುದು ಲೇಸು. ಏಕೆಂದರೆ ಮರೆ ಕೊರೆದ ರಂಧ್ರಗಳಲ್ಲಿ 10-32, 12-24, ಎಂ6 ಎಂಬ ಭಿನ್ನ ಮರೆಗಳುಂಟು. ಒಂದರ ತಿರುಪನ್ನು ಮತ್ತೊಂದಕ್ಕೆ ಬಲಾತ್ಕಾರದಿಂದ ತುರುಕಿದರೆ ಕಂಬವೇ ಕೆಡುವುದು. ಚದರ ರಂಧ್ರಗಳಲ್ಲಿ ಕೇಜ್ ನಟ್ ಕೂರಿಸುವ ಪದ್ಧತಿಯಲ್ಲಿ ಬೆರಳಿಗೆ ನೋವಾದರೂ, ಮರೆ ಸವೆದರೆ ನಟ್ಟನ್ನಷ್ಟೇ ಬದಲಿಸಬಹುದು.

ಭಾರ ಮತ್ತು ಶಾಖ: ಟೆಕ್‌ಟ್ರಾನಿಕ್ಸ್ ಸಂಸ್ಥೆಯ 545ಎ ಎಂಬ ನಿರ್ವಾತನಳಿಗೆಯ ಆಸಿಲೋಸ್ಕೋಪಿಗೆ ಆರ್‌ಎಂ45ಎ ಎಂಬ ರ‍್ಯಾಕು ರೂಪವಿತ್ತು. ಮೇಜಿನ ರೂಪದ ತೂಕವೇ ಸುಮಾರು 30 ಕಿಲೋಗ್ರಾಂ, ಸೇವಿಸುವ ವಿದ್ಯುತ್ತು ಸುಮಾರು 500 ವಾಟ್. ಇಂಥದನ್ನು ಎರಡು ಕಿವಿಗಳ ಮೇಲಷ್ಟೇ ತೂಗಬಿಟ್ಟರೆ ಫಲಕ ಬಾಗುವುದು. ಅಡಿಯಲ್ಲಿ ಆಧಾರಪಟ್ಟಿ ಇಲ್ಲವೆ ಜಾರುಹಳಿ ಬೇಕು. ಭಾರದ ದೃಷ್ಟಿಯಿಂದ ಇದರ ಸ್ಥಾನ ಕೆಳಗೆ, ಮೇಲೇರುವ ಬಿಸಿಗಾಳಿಯ ದೃಷ್ಟಿಯಿಂದ ಮೇಲೆ. ಈ ವಿರೋಧದಲ್ಲಿ ಭಾರಕ್ಕೇ ಮನ್ನಣೆ ಕೊಟ್ಟು, ಉಪಕರಣವನ್ನು ಕೆಳಗಿರಿಸಿ, ಅದರ ಮೇಲೆ ಒಂದೆರಡು ಯೂನಿಟ್ ತೆರಪು ಬಿಟ್ಟು ಪಂಖ ಜೋಡಿಸುವುದು ಯುಕ್ತ. ಬಿಸಿಗೆ ಪಂಖವುಂಟು, ಉರುಳುವ ರ‍್ಯಾಕಿಗೆ ಮದ್ದಿಲ್ಲ. ಜಾರುಹಳಿಯ ಮೇಲೆ ಉಪಕರಣವನ್ನು ಮುಂದೆಳೆದಾಗ ಗುರುತ್ವಕೇಂದ್ರವೂ ಮುಂದೆ ಸರಿಯುವುದರಿಂದ, ಒಮ್ಮೆಗೆ ಒಂದನ್ನೇ ಎಳೆಯಬೇಕು, ಚೌಕಟ್ಟಿನ ತಲೆಯನ್ನು ಗೋಡೆಗೆ ಬಿಗಿದಿರಬೇಕು.

ಭೂಸಂಪರ್ಕ: ಬಣ್ಣ ಬಳಿದ ಕಂಬಕ್ಕೆ ತಿರುಪು ಹಾಕಿದ ಮಾತ್ರಕ್ಕೆ ವಿದ್ಯುತ್ಸಂಪರ್ಕ ಉಂಟಾಗದು. ಒಂದೆಡೆ ಬಣ್ಣ ಕೆರೆದು, ಹಲ್ಲುಳ್ಳ ವಾಷರಿಟ್ಟು, ದಪ್ಪ ತಂತಿಯಿಂದ ಚೌಕಟ್ಟನ್ನು ಭೂಮಿಗೆ ಕೂಡಿಸುವುದು ವಿಹಿತ. ಎಲ್ಲ ಉಪಕರಣಗಳಿಗೂ ಮೂರು ಪಿನ್ನಿನ ಪ್ಲಗ್ಗಿರಬೇಕು. ಅವೆಲ್ಲ ಒಂದೇ ಸಾಕೆಟ್ ಪಟ್ಟಿಯಿಂದ ವಿದ್ಯುತ್ತು ಪಡೆದರೆ, 50 ಹರ್ಟ್ಸಿನ ಗುಂಯ್‌ಗಾನ ಮಾಪನದೊಳಕ್ಕೆ ನುಸುಳುವುದೂ ಕಡಮೆಯಾಗುವುದು.

ಪರ್ಯಾಯ: ಇಂದಿನ ಮೇಜಿನ ಮಾಪಕಗಳಲ್ಲಿ ಅನೇಕವು ಕಿವಿಗಳಿಲ್ಲದೆ, 19 ಅಂಗುಲಕ್ಕಿಂತ ಬಹಳ ಕಿರಿದಾಗಿ ಬರುತ್ತವೆ. ಅಂಥವನ್ನು ರ‍್ಯಾಕಿಗೇರಿಸಲು ಪ್ರತಿಯೊಂದಕ್ಕೂ ತಟ್ಟೆ ಬೇಕಾಗುವುದರಿಂದ, ಅವೇ ಹೆಚ್ಚಾಗಿರುವ ಕಾರ್ಯಶಾಲೆಗೆ ಸ್ಲಾಟೆಡ್ ಆಂಗಲಿನ ಗಟ್ಟಿಮುಟ್ಟಾದ ಕಪಾಟು ಅಗ್ಗವೂ ಹೌದು, ತಕ್ಕುದೂ ಹೌದು.