ರಕ್ತದೊತ್ತಡದ ಮಾತ್ರೆಗಳೊಂದಿಗೆ ಗಿಡಮೂಲಿಕೆ ಉತ್ಪನ್ನಗಳ ಸೇವನೆ: ಸಾರ್ವಜನಿಕರಿಗೆ ಮಾಹಿತಿ

ಸರ್ಕಾರಿ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗ ಚಿಕಿತ್ಸಾಲಯಗಳಲ್ಲಿ ಅಧಿಕ ರಕ್ತದೊತ್ತಡಕ್ಕೆ ಮಾತ್ರೆ ಪಡೆಯಲು ನೋಂದಾಯಿಸಿಕೊಳ್ಳುವವರನ್ನು ಬೇರೆ ಯಾವ ಔಷಧಿ ಸೇವಿಸುತ್ತಿರುವಿರೆಂದು ವಿಚಾರಿಸುವುದುಂಟು. ಅನೇಕರು ‘ಯಾವುದೂ ಇಲ್ಲ’ ಎಂದು ಉತ್ತರಿಸುತ್ತಾರೆ. ಮನೆಯಲ್ಲಿ ಕುದಿಸಿದ ಕಷಾಯ, ಗ್ರಂಥಿಗೆ ಅಂಗಡಿಯಿಂದ ತಂದ ಚೂರ್ಣ, ಪರಿಚಿತರು ಮಾರಾಟ ಮಾಡಿದ ರಸದ ಬಾಟಲಿ ಇವು ಔಷಧಿಯ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆ. ದೇಹವಾದರೋ ಎಲ್ಲವನ್ನೂ ಒಂದೇ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ.

ಈ ಪೈಕಿ ಮೊದಲು ಗಮನಿಸತಕ್ಕದ್ದು ಜ್ಯೇಷ್ಠಮಧು. ಅತಿಮಧುರ, ಯಷ್ಟಿಮಧು, ಮುಲೇಠಿ ಎಂಬ ಹೆಸರುಗಳೂ ಇದಕ್ಕಿವೆ. ಲೇಬಲ್‌ಗಳಲ್ಲಿ ಗ್ಲಿಸಿರೈಜಾ ಗ್ಲಾಬ್ರಾ ಎಂದು ನಮೂದಾಗಿರುತ್ತದೆ. ಕೆಮ್ಮು, ಗಂಟಲು ಕೆರೆತ ಮತ್ತು ಹುಳಿತೇಗಿಗೆ ಬಳಸುವ ಈ ಬೇರಿನಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಪರಿಣಾಮವಾಗಿ ದೇಹದಲ್ಲಿ ಸೋಡಿಯಂ ಮತ್ತು ನೀರು ಉಳಿದು, ಪೊಟ್ಯಾಸಿಯಂ ನಷ್ಟವಾಗಿ, ರಕ್ತದೊತ್ತಡ ಏರುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್‌ನಂತಹ ಮೂತ್ರವರ್ಧಕ ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ಹೊರಹಾಕುವುದರಿಂದ ಎರಡೂ ಸೇರಿದಾಗ ಸ್ನಾಯುಗಳ ನಿಶ್ಶಕ್ತಿ ಮತ್ತು ಹೃದಯ ಬಡಿತದ ಏರುಪೇರು ಉಂಟಾಗಬಹುದು. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದೆಂದು ಯುರೋಪಿನ ತಜ್ಞ ಸಮಿತಿಯು 2003ರಲ್ಲಿ ಸೂಚಿಸಿತ್ತು. ಆದರೆ ಮನೆಯಲ್ಲಿ ಕುಟ್ಟಿದ ಪುಡಿಯಲ್ಲಿ ಈ ಅಂಶ ಎಷ್ಟಿದೆಯೆಂದು ಅಳೆಯುವ ಉಪಾಯ ಯಾರ ಬಳಿಯೂ ಇಲ್ಲ. ವಿಷಯ ತಿಳಿಯದ ವೈದ್ಯರು ಮಾತ್ರೆ ಸಾಲದೆಂದು ಭಾವಿಸಿ ಪ್ರಮಾಣ ಹೆಚ್ಚಿಸುತ್ತಾರೆ. ಕೆಮ್ಮು ವಾಸಿಯಾಗಿ ಪುಡಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಅದೇ ಪ್ರಮಾಣ ಹೆಚ್ಚಾಗಿ, ರೋಗಿ ಎದ್ದು ನಿಂತೊಡನೆ ತಲೆಸುತ್ತು ಬರುತ್ತದೆ.

ಸರ್ಪಗಂಧದ ವಿಷಯ ಇದಕ್ಕೆ ತದ್ವಿರುದ್ಧವಾದುದು. ಇದು ನಿಜವಾಗಿಯೂ ರಕ್ತದೊತ್ತಡ ಇಳಿಸುವ ಮೂಲಿಕೆ. ಕಲ್ಕತ್ತೆಯ ವೈದ್ಯರು 1931ರಲ್ಲಿಯೇ ಈ ಗುಣವನ್ನು ವರದಿ ಮಾಡಿದ್ದರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದಿಂದ ಇದು ಜಗತ್ತಿಗೆ ಪರಿಚಯವಾಯಿತು. 1952ರಲ್ಲಿ ಇದರಿಂದ ರೆಸರ್ಪಿನ್ ಬೇರ್ಪಡಿಸಲಾಯಿತು. ಪರಿಣಾಮವಿರುವ ಕಾರಣದಿಂದಲೇ ಇದನ್ನು ಅಟೆನೋಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆಗಳೊಂದಿಗೆ ಸ್ವಯಂ ಸೇವಿಸತಕ್ಕದ್ದಲ್ಲ. ನಾಡಿಬಡಿತ ಮಿತಿಮೀರಿ ನಿಧಾನವಾಗಬಹುದು. ದೀರ್ಘಕಾಲದ ಸೇವನೆಯಿಂದ ಮನಸ್ಸಿನ ಖಿನ್ನತೆಯೂ ತಲೆದೋರಬಹುದು. ಅಶ್ವಗಂಧ ಹಾಗೂ ಬೆಳ್ಳುಳ್ಳಿಯ ಕ್ಯಾಪ್ಸೂಲ್‌ಗಳು ಸಹ ಒತ್ತಡವನ್ನು ಅಲ್ಪಸ್ವಲ್ಪ ಇಳಿಸಬಲ್ಲವು.

ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟು ಚೂರ್ಣದಲ್ಲಿರುವ ಪೈಪರಿನ್ ಅಂಶವು ಪ್ರೊಪ್ರನೊಲಾಲ್ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸುವುದು ಕಂಡುಬಂದಿದೆ. ಸಾರಿಗೆ ಹಾಕುವ ಮೆಣಸನ್ನು ಬಿಡಬೇಕೆಂದು ಇದರ ಅರ್ಥವಲ್ಲ. ದಿನವೂ ಚಮಚದ ಲೆಕ್ಕದಲ್ಲಿ ಚೂರ್ಣ ಸೇವಿಸುವುದು ಬೇರೆ ಮಾತು. ಅಜೀರ್ಣಕ್ಕೆ ಬಳಸುವ ಲವಣಭಾಸ್ಕರ ಚೂರ್ಣದಲ್ಲಿ ಹೆಸರೇ ಹೇಳುವಂತೆ ಉಪ್ಪಿನ ಅಂಶವೇ ಪ್ರಧಾನ. ಉಪ್ಪು ಕಡಿಮೆ ಮಾಡಲು ಸಲಹೆ ಪಡೆದವರು ಇದನ್ನು ಮರೆಯಬಾರದು.

ಎನಲಾಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್ ಮತ್ತು ಸ್ಪೈರೊನೊಲಾಕ್ಟೋನ್ ಸೇವಿಸುವವರ ದೇಹದಲ್ಲಿ ಪೊಟ್ಯಾಸಿಯಂ ಉಳಿಯುವ ಪ್ರವೃತ್ತಿಯಿರುತ್ತದೆ. ಇಂತಹವರು, ವಿಶೇಷವಾಗಿ ಮೂತ್ರಪಿಂಡದ ತೊಂದರೆಯುಳ್ಳವರು, ನೋನಿ ರಸ ಅಥವಾ ಪೊಟ್ಯಾಸಿಯಂಯುಕ್ತ ಬದಲಿ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಈ ಮಾಹಿತಿಯನ್ನು ಓದಿ ಮಾತ್ರೆಯನ್ನೇ ನಿಲ್ಲಿಸುವುದು ಹೆಚ್ಚು ಅಪಾಯಕರ. ಅಟೆನೋಲಾಲ್, ಮೆಟೊಪ್ರೊಲಾಲ್ ಅಥವಾ ಕ್ಲೋನಿಡಿನ್ ಅನ್ನು ಹಠಾತ್ತನೆ ಬಿಟ್ಟಲ್ಲಿ ರಕ್ತದೊತ್ತಡ ಮರುಕಳಿಸಿ ಏರುವ ಸಂಭವವಿದೆ. ಆಯುರ್ವೇದ ವೈದ್ಯರಲ್ಲಿ ಚಿಕಿತ್ಸೆ ಪಡೆಯುತ್ತಿರುವವರು ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಎರಡೂ ಕಡೆಯ ಚೀಟಿಗಳನ್ನು ಇಬ್ಬರು ವೈದ್ಯರಿಗೂ ತೋರಿಸುವುದು ಸೂಕ್ತ.

ತಪಾಸಣೆಗೆ ಬರುವಾಗ ಮಾತ್ರೆಗಳ ಪಟ್ಟಿ, ಚೂರ್ಣದ ಡಬ್ಬಿ ಹಾಗೂ ರಸದ ಬಾಟಲಿಗಳನ್ನು ಲೇಬಲ್ ಸಹಿತ ತರತಕ್ಕದ್ದು. 1945ರ ಔಷಧ ನಿಯಮಗಳ 161ನೇ ನಿಯಮದಂತೆ ಆಯುರ್ವೇದ ಔಷಧಿಗಳ ಲೇಬಲ್‌ನಲ್ಲಿ ಘಟಕಗಳ ವಿವರ, ಬ್ಯಾಚ್ ಸಂಖ್ಯೆ ಮತ್ತು ತಯಾರಿಕಾ ಪರವಾನಗಿ ಸಂಖ್ಯೆ ಇರಬೇಕು. ಲೇಬಲ್ ಇಲ್ಲದ ಬಿಡಿ ಪುಡಿಯಾಗಿದ್ದಲ್ಲಿ ಪುಡಿಯ ಪೊಟ್ಟಣವನ್ನೇ ತರಬಹುದು. ಔಷಧಿಗಳ ಅಡ್ಡಪರಿಣಾಮ ಕಂಡುಬಂದಲ್ಲಿ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ರೋಗಿಗಳೇ ತಿಳಿಸಬಹುದಾಗಿದೆ. ಎದೆನೋವು, ಮೂರ್ಛೆ, ಮಾತಿನ ತೊದಲು ಅಥವಾ ಕೈಕಾಲಿನ ಬಲಹೀನತೆ ಉಂಟಾದಲ್ಲಿ ಯಾವ ಪಟ್ಟಿಯನ್ನೂ ಹುಡುಕದೆ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು.