ಪೆಣ, ಹೆಣ, ಎಣ

ಸ್ವಲ್ಪ ಉದ್ದ ಇದೆ, ಟೈಮ್ ಮಾಡ್ಕೊಂಡು ಓದಿ.

ಚಾಮರಾಜನಗರ ಕಡೆಯ ನಮ್ಮ ಹುಡುಗನೊಬ್ಬ ಹೋದ ಮಳೆಗಾಲದಲ್ಲಿ ಫೇಸ್‌ಬುಕ್ಕಲ್ಲಿ ಎರಡು ಸಾಲು ಬರೆದಿದ್ದ. "ನಮ್ ಕೇರಿಗ ಎಣ ಊಣಕ್ಕೂ ಜಾಗ ಇಲ್ಲ. ಮಳ ಬಂದ್ರ ಅಳ್ಳದ್ ದಂಡಲಿ ಎಣ ಮಡಿಕಂಡು ಕಾಯ್ಬೇಕು." ಅಷ್ಟೇ. ಜೊತೆಗೊಂದು ಫೋಟೊ.

ಕೆಳಗೆ ಬಂದ ಕಾಮೆಂಟುಗಳಲ್ಲಿ ಮುಕ್ಕಾಲು ಪಾಲು ಸ್ಮಶಾನದ ಬಗ್ಗೆ ಇರಲೇ ಇಲ್ಲ. "ಮೊದಲು ಅಕಾರ ಹಕಾರ ಕಲಿ", "ಎಣ ಅಂದ್ರೆ ಏನು ಗುರು, ಹಣಾನಾ?", ನಗುವ ಎಮೋಜಿ ಸಾಲುಸಾಲು. ಮಾರನೇ ದಿನ ಹುಡುಗ ಪೋಸ್ಟ್ ಡಿಲೀಟ್ ಮಾಡಿದ. ಫೋನ್ ಮಾಡಿದ್ರೆ, "ಬುಡಣ್ಣ, ಸ್ಮಸಾಣದ ಇಚಾರ ಬುಟ್ಟು ನನ್ನ ಅಕ್ಸರನೇ ಎಣುಸ್ತ ಕೂತವ್ರ" ಅಂದ.

ನಾನು ಭಾಷಾ ವಿದ್ವಾಂಸ ಅಲ್ಲ. ಬಿಎ ಓದಿದ ಗುಮಾಸ್ತ. ಆದರೆ ಈ 'ಎಣ'ದ ಬಗ್ಗೆ ಸ್ವಲ್ಪ ಹೇಳಲೇಬೇಕು.

ಹಳಗನ್ನಡದಲ್ಲಿ ಹೆಣಕ್ಕೆ ಇದ್ದ ಪದ 'ಪೆಣ'. ಹಾಲಿಗೆ ಪಾಲ್, ಹುಲಿಗೆ ಪುಲಿ, ಹೋಗು ಅನ್ನೋದಕ್ಕೆ ಪೋಗು. ಪಂಪ ಬರೆದದ್ದು ಪಕಾರದ ಕನ್ನಡ. ಹತ್ತನೇ ಶತಮಾನದ ಆಸುಪಾಸಿನಿಂದ ಜನರ ಬಾಯಲ್ಲಿ ಈ ಪಕಾರ ಸಡಿಲವಾಗಿ ಹಕಾರ ಆಗ್ತಾ ಬಂತು. ಪ ಹೇಳೋಕೆ ಎರಡು ತುಟಿ ಮುಚ್ಚಬೇಕು. ಹ ಅಂದ್ರೆ ಬರೀ ಉಸಿರು. ಮೊದಮೊದಲು ಇದೂ 'ತಪ್ಪು' ಉಚ್ಚಾರಣೆಯೇ ಆಗಿದ್ದಿರಬೇಕು, ಯಾರೋ ಒಬ್ಬ ಕವಿ ಮೂಗು ಮುರಿದಿರಲೂಬಹುದು. ಆದರೆ ಹದಿಮೂರನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ಪಕಾರ ಹಕಾರ ಆಗೋದನ್ನ ವ್ಯಾಕರಣದ ನಿಯಮದೊಳಗೇ ತರಬೇಕಾಯ್ತು. ಇವತ್ತು 'ಪಾಲು ಕುಡಿದೆ' ಅಂತ ಯಾರಾದ್ರೂ ಅಂದ್ರೆ ನಾವು ನಗ್ತೀವಿ.

ಆ ಉಸಿರೂ ಹೋದ್ರೆ ಉಳಿಯೋದು 'ಎಣ'. ಪೆಣ, ಹೆಣ, ಎಣ. ಹಾಗೇ ಪಾಲು, ಹಾಲು, ಆಲು. ಒಂದೇ ದಾರಿಯಲ್ಲಿ ಮುಂದಿನ ಹೆಜ್ಜೆ ಇದು. ಮೈಸೂರು, ಮಂಡ್ಯ, ಚಾಮರಾಜನಗರದ ಹಳ್ಳಿಗಳಲ್ಲಿ ಬರೀ ನಮ್ಮ ಕೇರಿಯೋರಲ್ಲ, ಊರೊಳಗಿನ ಒಕ್ಕಲುಮಕ್ಕಳೂ ಹೀಗೇ ಮಾತಾಡೋದು. ಮೊದಲನೇ ಹೆಜ್ಜೆಗೆ ವ್ಯಾಕರಣದಲ್ಲಿ ಜಾಗ ಸಿಕ್ತು, ಎರಡನೇದಕ್ಕೆ ಸಿನಿಮಾದಲ್ಲಿ ಮನೆಗೆಲಸದವನ ಕಾಮಿಡಿ ಪಾತ್ರ ಸಿಕ್ತು.

ನಗುವಿನ ಭಯ ಏನು ಮಾಡುತ್ತೆ ಅಂತ ನಂಗೊತ್ತು. ಕಾಲೇಜಲ್ಲಿ ಒಬ್ಬ ಮೇಷ್ಟ್ರು ನನ್ನ ನಿಲ್ಲಿಸಿ 'ಹಾಸ್ಟೆಲ್' ಅಂತ ಐದಾರು ಸಲ ಹೇಳಿಸಿದ್ರು. ಆಮೇಲೆ ನಾನು ಎಲ್ಲಾ ಕಡೆ ಹಕಾರ ತುರುಕೋಕೆ ಶುರು ಮಾಡ್ದೆ. ಅಕ್ಕಿ ಹಕ್ಕಿ ಆಯ್ತು, ಎಲ್ಲರಿಗೂ ಅನ್ನೋದು ಹೆಲ್ಲರಿಗೂ ಆಯ್ತು. ಅದಕ್ಕೂ ನಕ್ಕರು.

ಈಗ ಆಫೀಸಲ್ಲಿ ದಿನಾ "ಸದರಿ ಗ್ರಾಮದ ಮೇಲ್ಕಂಡ ಸರ್ವೆ ನಂಬರಿಗೆ ಸಂಬಂಧಿಸಿದಂತೆ" ಅಂತ ಬರೀತೀನಿ. ಈ ಕನ್ನಡ ಆಡೋ ತಾಯಿ ಮಗು ಯಾವ ಊರಲ್ಲೂ ಇಲ್ಲ. ಯಾರೂ ನಗಲ್ಲ.

1973ನೇ ಇಸವಿ ನೋಡಿ. ಆ ವರ್ಷ ದೇವನೂರ ಮಹಾದೇವರ ಮೊದಲ ಕಥಾಸಂಕಲನ ಬಂತು. ಹೆಸರು 'ದ್ಯಾವನೂರು'. ನಂಜನಗೂಡು ತಾಲ್ಲೂಕಿನ ಆ ಊರಿನ ಹೆಸರು ಕಾಗದದಲ್ಲಿ ದೇವನೂರು, ಜನರ ಬಾಯಲ್ಲಿ ದ್ಯಾವನೂರು. ಬೇಡ ಬ್ಯಾಡ ಆದ ಹಾಗೆ, ಮೇಲೆ ಮ್ಯಾಲೆ ಆದ ಹಾಗೆ. ಜನ ಕರೆಯೋ ಹೆಸರನ್ನೇ ಅವರು ಪುಸ್ತಕದ ಮುಖಪುಟಕ್ಕೆ ಹಾಕಿದ್ರು. ಮುಂದೆ ಅದೇ ಸೀಮೆಯ ಮಾತಲ್ಲಿ 'ಕುಸುಮಬಾಲೆ' ಬರೆದ್ರು. ಅರ್ಥ ಆಗಲ್ಲ ಅಂದವರು ಬಹಳ ಜನ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪಂಪನ ಕನ್ನಡ ಅರ್ಥ ಆಗದಿದ್ರೆ ನಿಘಂಟು ತೆಗೀತೀವಿ, ನಂಜನಗೂಡಿನ ಕನ್ನಡ ಅರ್ಥ ಆಗದಿದ್ರೆ ಬರೆದವನ ತಪ್ಪು ಅಂತೀವಿ.

ಅದೇ 1973ರ ನವೆಂಬರಲ್ಲಿ ಮೈಸೂರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದ್ರು. ಬೂಸಾ ಅಂದ್ರೆ ದನಕ್ಕೆ ಹಾಕೋದು, ಪ್ರತಿ ಹಳ್ಳಿ ಅಂಗಡಿಯಲ್ಲಿ ಸಿಗೋ ಪದಾರ್ಥ, ಪ್ರತಿ ಮನೆಯಲ್ಲಿ ಆಡೋ ಪದ. ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ ಮಂತ್ರಿ ಅವರು. ಈ ಸಾಹಿತ್ಯದೊಳಗೆ ನಾವೆಲ್ಲಿದ್ದೀವಿ ಅನ್ನೋ ಪ್ರಶ್ನೆ ಆ ಪದದ ಹಿಂದಿತ್ತು. ಪ್ರಶ್ನೆ ಪಕ್ಕಕ್ಕೆ ಹೋಯ್ತು, ಪದ ಹಿಡ್ಕೊಂಡು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪ ಮಂತ್ರಿಗಿರಿ ಕಳಕೊಂಡ್ರು. ಆ ಏಟಿನಿಂದಲೇ ನಮ್ಮ ದಲಿತ ಚಳವಳಿ ಗಟ್ಟಿಯಾಗಿದ್ದು ನಿಮಗೆಲ್ಲ ಗೊತ್ತಿರೋದೇ. ನಮ್ಮ ಹುಡುಗನ ಪೋಸ್ಟಿಗೆ ಆಗಿದ್ದೂ ಇಷ್ಟೇ, ಸಣ್ಣದಾಗಿ.

ಅವರು ಮಾತಾಡಿದಾಗ ಲೆಕ್ಕ ಉಲ್ಟಾ. 2023ರ ಆಗಸ್ಟಲ್ಲಿ ಒಬ್ಬ ಸಿನಿಮಾ ನಟ ಲೈವ್‌ನಲ್ಲಿ ಊರು-ಹೊಲಗೇರಿ ಗಾದೆ ಹೇಳಿದ. ನಾವು ದೂರು ಕೊಟ್ವಿ. ಆತ ಕ್ಷಮೆ ಕೇಳಿ ವಿಡಿಯೊ ತೆಗೆದ. ಆದರೆ ನಮಗೆ ಬಂದ ಬುದ್ಧಿವಾದ ಏನು? "ಬರೀ ಗಾದೆ ಕಣ್ರಿ, ಪದ ಹಿಡ್ಕೋಬೇಡಿ, ಉದ್ದೇಶ ನೋಡಿ." ನಮ್ಮ ಹುಡುಗನ ಉದ್ದೇಶ ನೋಡೋಕೆ ಪುರುಸೊತ್ತಿಲ್ಲದ ಅದೇ ಜನ!

ಆನ್‌ಲೈನ್ ಬೈಗುಳವೂ ಬಟ್ಟೆ ಬದಲಾಯಿಸ್ತಾ ಇರುತ್ತೆ. ಜಾತಿ ಹೆಸರು ಹಿಡಿದು ಬೈದ್ರೆ ದೌರ್ಜನ್ಯ ತಡೆ ಕಾಯ್ದೆ ಬರುತ್ತೆ ಅಂತ ಈಗ 'ಕೋಟಾ' ಅಂತಾರೆ, ನೀಲಿ ಬಣ್ಣದ ಹಾರ್ಟ್ ಹಾಕಿ ಅಣಕಿಸ್ತಾರೆ. ಹಿಂದಿಯಿಂದ 'ಭೀಮ್ಟಾ' ಬಂದಿದೆ. ಗೊತ್ತಿರೋರಿಗೆ ಮಾತ್ರ ಗೊತ್ತಾಗಬೇಕು, ಹಂಗೆ. ಸಂಘಟನೆಯ ಹುಡುಗರಿಗೆ ಒಂದು ಮಾತು: 2022ರಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ಟಲ್ಲಿ ಹಾಕಿದ್ದೂ ಕಾಯ್ದೆ ಹೇಳುವ ಸಾರ್ವಜನಿಕರ ಕಣ್ಣೆದುರೇ ಅಂತ ಹೇಳಿದೆ. ಸ್ಕ್ರೀನ್‌ಶಾಟ್ ತೆಗೀರಿ, ತಾರೀಕು ಕಾಣೋ ಹಾಗೆ.

ಹಾಗಂತ ಬೈಗುಳದ ಪದ ಯಾವತ್ತೂ ಅವರ ಕೈಯಲ್ಲೇ ಇರುತ್ತೆ ಅಂತಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರು ಮೊದಲ ಕವನ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟರಲ್ಲ.

ಹುಡುಗನ ವಿಚಾರಕ್ಕೆ ಬರ್ತೀನಿ. ಸ್ಮಶಾನದ ಜಾಗಕ್ಕೆ ಅರ್ಜಿಯನ್ನ ನಾನೇ ಬರೆದುಕೊಟ್ಟೆ. 'ಶವಸಂಸ್ಕಾರಕ್ಕೆ ಸ್ಥಳಾವಕಾಶವಿಲ್ಲದಿರುವುದರಿಂದ' ಅಂತ ಶುದ್ಧ ಕನ್ನಡದಲ್ಲಿ. ಒಂದು ಹಕಾರವೂ ತಪ್ಪಿಲ್ಲ. ಸ್ವೀಕೃತಿಯ ಸೀಲು ಬಿದ್ದು ಐದು ತಿಂಗಳಾಯ್ತು. ಸರ್ವೆಯವರು ಇನ್ನೂ ಬಂದಿಲ್ಲ.

ಮೊನ್ನೆ ರಾತ್ರಿ ಅವನು ಹಳೇ ಪೋಸ್ಟನ್ನೇ ಮತ್ತೆ ಹಾಕಿದಾನೆ. ಎಣ ಎಣವಾಗೇ ಇದೆ, ಅಳ್ಳ ಅಳ್ಳವಾಗೇ ಇದೆ. ಲಿಂಕ್ ಮೊದಲನೇ ಕಾಮೆಂಟಲ್ಲಿ ಹಾಕಿದೀನಿ. ಶೇರ್ ಮಾಡೋರು ದಯವಿಟ್ಟು ಅಕ್ಷರ ತಿದ್ದಬೇಡಿ.